ಒಡೆದ ಕುಂದಾ

ಎಪ್ಪತ್ತರ ದಶಕದಲ್ಲೊಮ್ಮೆ ನಾಲತವಾಡದ ಗೌಡರ ಮಗಳ ಮದುವೆಗೆ ಮುನ್ನಾದಿನವೇ ಹೋಗಿದ್ದೆ. ಪಡಸಾಲೆಯಲ್ಲಿ ಗೌಡರು, ಅಡುಗೆಯವನೆಂದೇ ನಾನು ಭಾವಿಸಿದ ಮೌನಪ್ಪನ ಮೇಲೆ ರೇಗುತ್ತಿದ್ದರು: “ಕುಂದಾ ಒಡದೈತಿ! ನಾಳೆ ಬೀಗರ ಮುಂದ ಮಾನ ಹೋಗ್ತೈತಲ್ಲೋ!”

“ಅಂಟು ತುಂಬಿ, ಬಿಗದು ಕಟ್ಟಿ ಒಣಗಸ್ತೇನ್ರಿ, ಗೌಡ್ರ.”

ನಾನು ಬಲ್ಲ ಕುಂದಾ ಹಾಲಿನ ಸಿಹಿಯೊಂದೇ; ದಿಗ್ಭ್ರಮೆಯಾಯಿತು. “ಗೌಡರೇ, ಒಡೆದ ಹಾಲಿಗೆ ಅಂಟು ಬೆರೆಸಿ ಅತಿಥಿಗಳಿಗೆ ಬಡಿಸುವುದು ಯುಕ್ತವೇ?”

ಇಬ್ಬರೂ ನನ್ನನ್ನೇ ನೋಡಿದರು. ಮೌನಪ್ಪ ಮೂಲೆಯಿಂದ, ನಳಿಗೆಯ ಬಾಯಲ್ಲಿ ಮದ್ದು ತುಂಬುವ ಹಳೆಯ ಬಂದೂಕನ್ನು ತಂದು, ಸೀಳುಬಿಟ್ಟ ಮರದ ಹಿಡಿಯನ್ನು ತೋರಿಸಿದ. “ಕುಂದಾ ಅಂದ್ರ ಇದ ರೀ, ಸರ. ನಾ ಬಡಿಗೇರ.”

ಬಾರು ಹಾರಿಸಿ ಬೀಗರನ್ನು ಎದುರುಗೊಳ್ಳುವುದು ಆ ಮನೆಯ ಪದ್ಧತಿಯಂತೆ. ಮರುದಿನ ಬಂದೂಕು ಗರ್ಜಿಸಿತು. ಗೌಡರ ಮಾನ ಉಳಿಯಿತು. ಊಟಕ್ಕೆ ತಿನ್ನುವ ಕುಂದಾವೇ ಬಂತು. ಬಾಯಿಗಿಡುವ ಮುನ್ನ ನಾನದನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡುತ್ತಿರಲು, ಎದುರು ಪಂಕ್ತಿಯಿಂದ ಮೌನಪ್ಪ ಕೂಗಿದ:

“ಒಣಗೈತೇನ್ರಿ, ಸರ?”