ಪಿಲ್ಲರ್ ಒಳಗೆ ಏನಿದೆ ಎಂದು ಮುನಿಯಪ್ಪನವರಿಗೆ ಗೊತ್ತು

ಬೆಳಿಗ್ಗೆ ಆರೂಕಾಲು. ಗೋವಿಂದರಾಜನಗರದ ಈ ಅಡ್ಡರಸ್ತೆಯಲ್ಲಿ ಹಾಲಿನ ಪ್ಯಾಕೆಟ್ ಹಾಕುವವರನ್ನು ಬಿಟ್ಟರೆ ಇನ್ನೂ ಯಾರೂ ಓಡಾಡುತ್ತಿಲ್ಲ. ಕಟ್ಟುತ್ತಿರುವ ಮನೆಯೊಂದರ ನೆಲಮಹಡಿಯಲ್ಲಿ ಮುನಿಯಪ್ಪನವರು ಮೊಬೈಲಿನ ಟಾರ್ಚ್ ಹಿಡಿದು, ಪಿಲ್ಲರ್‌ಗೆ ಕಾಂಕ್ರೀಟ್ ಸುರಿಯಲೆಂದು ಸುತ್ತ ಹೊಡೆದ ಸೆಂಟ್ರಿಂಗ್ ಹಲಗೆಯ ಸಂದಿಗೆ ಕಣ್ಣಿಟ್ಟು ನೋಡುತ್ತಿದ್ದಾರೆ. ಒಂದಾದ ಮೇಲೆ ಒಂದು, ಎಂಟು ಪಿಲ್ಲರ್ ನೋಡಿ ಮುಗಿಸುತ್ತಾರೆ. ಒಂಬತ್ತನೆಯದರ ಹತ್ತಿರ ನಿಂತುಬಿಡುತ್ತಾರೆ.

"ಯಾವನು ಸಾರ್ ಇದನ್ನ ಕಟ್ಟಿದ್ದು?"

ನನ್ನನ್ನು ಕೇಳಿದರೆ? ಪತ್ರಿಕೆಗೆ ಅವರ ಬಗ್ಗೆ ಬರೆಯಲು ಬಂದ, ರಿಂಗ್ ಅಂದರೆ ಬೆರಳಿಗೆ ಹಾಕಿಕೊಳ್ಳುವುದು ಎಂದಷ್ಟೇ ತಿಳಿದ ಮನುಷ್ಯ ನಾನು. ಅವರು ನನ್ನ ಕೈಗೆ ಟಾರ್ಚ್ ಕೊಟ್ಟು, ಸುತ್ತಿಗೆಯಿಂದ ಹಲಗೆ ಕಳಚಿ, ಪಾಠ ಶುರುಮಾಡುತ್ತಾರೆ. ಪಿಲ್ಲರ್ ಒಳಗೆ ಉದ್ದುದ್ದ ನಿಂತಿರುವ ಕಂಬಿಗಳನ್ನು ಸುತ್ತಿ ಹಿಡಿದುಕೊಂಡಿರುವ ತೆಳು ಕಂಬಿಯ ಚೌಕವೇ ರಿಂಗ್. ಅದರ ಎರಡು ತುದಿಗಳು ಒಂದು ಮೂಲೆಯಲ್ಲಿ ಸೇರುತ್ತವೆ. ಸಾಮಾನ್ಯವಾಗಿ ಆ ತುದಿಗಳನ್ನು ಮೂಲೆಯಲ್ಲಿ ಎಲ್ ಆಕಾರಕ್ಕೆ ಮಡಚಿ ಕೈತೊಳೆದುಕೊಳ್ಳುತ್ತಾರೆ. ಮುನಿಯಪ್ಪನವರು ಮಾತ್ರ ಇನ್ನೂ ಅಷ್ಟು ಬಗ್ಗಿಸಿ, ತುದಿ ಪಿಲ್ಲರ್‌ನ ಹೊಟ್ಟೆಯೊಳಕ್ಕೆ ಮುಖ ಮಾಡುವಂತೆ ಮಡಚುತ್ತಾರೆ. ವ್ಯತ್ಯಾಸ ಇಷ್ಟೇ, ಮೂರು ಬೆರಳಗಲದ ಕಂಬಿ. ನೆಲ ನಡುಗಿದಾಗ ಪಿಲ್ಲರ್ ನಿಲ್ಲುವುದೋ ಬೀಳುವುದೋ ಎಂಬುದು ಈ ಮೂರು ಬೆರಳಗಲದಲ್ಲಿದೆ ಎಂದು ಕೇಳಿ ನಾನು ಬೆಚ್ಚಿಬಿದ್ದೆ.

ಮುನಿಯಪ್ಪನವರಿಗೆ ಐವತ್ತಾರು ವರ್ಷ. ಹೆಗ್ಗನಹಳ್ಳಿಯವರು. ಅಪ್ಪನ ಕಾಲದ ರಾಗಿ ಹೊಲ ಲೇಔಟ್ ಆಗಿ ಕರಗಿಹೋದ ಮೇಲೆ, ಹದಿನಾರನೇ ವಯಸ್ಸಿಗೆ ಕಂಬಿ ಬಗ್ಗಿಸುವ ಬಾರ್ ಬೆಂಡಿಂಗ್ ಕೆಲಸಕ್ಕೆ ಇಳಿದವರು. ಹಲಗೆಯ ಮೇಲೆ ಗೂಟ ಹೊಡೆದುಕೊಂಡು ದಿನಕ್ಕೆ ಇನ್ನೂರೈವತ್ತು ರಿಂಗ್ ಬಗ್ಗಿಸುತ್ತಿದ್ದರಂತೆ. ಈಗ ಅವರ ರೀತಿಯಲ್ಲಿ ಮಾಡಿದರೆ ನೂರೈವತ್ತು ದಾಟುವುದಿಲ್ಲ. ಬಲಗೈ ಹೆಬ್ಬೆರಳು ಪೂರ್ತಿ ನೆಟ್ಟಗಾಗುವುದಿಲ್ಲ. "ನಮ್ಮೋರ್ದು ಹೆಬ್ಬೆರಳು ಮಾತ್ರ ಅಲ್ಲ, ತಲೇನೂ ಸೊಟ್ಟ" ಎಂದು ಹೆಂಡತಿ ಚಿಕ್ಕಲಕ್ಷ್ಮಮ್ಮ ನಗುತ್ತಾರೆ. ಕಾಂಟ್ರಾಕ್ಟರುಗಳು ನಗುವುದಿಲ್ಲ, ಬೇರೆಯವರನ್ನು ಕರೆಸುತ್ತಾರೆ.

ಇದೆಲ್ಲ ಶುರುವಾದದ್ದು ೨೦೦೧ರಲ್ಲಿ. ಆ ವರ್ಷ ಗಣರಾಜ್ಯೋತ್ಸವದ ಬೆಳಿಗ್ಗೆ ಗುಜರಾತಿನ ಕಛ್ ನಡುಗಿ, ಸಾವಿರಾರು ಮನೆಗಳು ಮಲಗಿದವು. ಎರಡು ತಿಂಗಳ ಮೇಲೆ ಯಾರೋ ಕಾಂಟ್ರಾಕ್ಟರ್ ಜೊತೆ ಮುನಿಯಪ್ಪನವರು ರೈಲು ಹತ್ತಿದರು. ಹೊಸ ಕಟ್ಟಡ ಕಟ್ಟುವುದು ಆಮೇಲೆ. ಮೊದಲ ಕೆಲಸ, ಬಿದ್ದ ಪಿಲ್ಲರ್‌ಗಳನ್ನು ಒಡೆದು ಕಂಬಿ ಬಿಡಿಸುವುದು.

"ಸಾರ್, ಮೊದಲನೇ ದಿನಾನೇ ಕೈ ನಿಂತೋಯ್ತು. ಸಿಮೆಂಟ್ ಉದುರಿದೆ, ರಿಂಗ್ ಎಲ್ಲಾ ಬಾಯಿ ಬಿಟ್ಕೊಂಡಿವೆ. ಒಳಗಿನ ಕಂಬಿ ಕಾಮಾಕ್ಷಿಪಾಳ್ಯದ ಬಸ್ಸಲ್ಲಿ ಜನ ಹೊರಗೆ ಜೋತಾಡ್ತಾರಲ್ಲ, ಹಂಗೆ ಬಗ್ಗಿ ಈಚೆ ಬಂದಿದೆ. ಆ ರಿಂಗ್ ನೋಡಿದ್ರೆ ನಾನೇ ಬಗ್ಗಿಸಿದಂಗಿತ್ತು. ಅದೇ ಮಡಿಕೆ, ಅದೇ ಅಳತೆ. ಗೊತ್ತಿಲ್ದಿರೋ ಊರಲ್ಲಿ ನನ್ನ ಕೈ ಕೆಲಸ ಬಿದ್ದಿರೋದು ನೋಡ್ದಂಗಾಯ್ತು."

ಅಲ್ಲಿ ಹದಿನಾಲ್ಕು ತಿಂಗಳು ಇದ್ದರು. ಹೊಸ ಕಟ್ಟಡಗಳಿಗೆ ರಿಂಗ್ ತುದಿ ಒಳಕ್ಕೆ ಮಡಚಲೇಬೇಕೆಂದು ಎಂಜಿನಿಯರೊಬ್ಬರು ಬೆನ್ನ ಹಿಂದೆ ನಿಂತು ಕಲಿಸಿದರು. ಬೆಂಗಳೂರಿಗೆ ಬಂದ ಮೇಲೆ ಹಳೆಯ ರೀತಿಗೆ ಕೈ ಹೋಗಲಿಲ್ಲ.

"ಆದರೆ ಬೆಂಗಳೂರಿಗೆ ಭೂಕಂಪ ಬರೋದಿಲ್ಲವಲ್ಲ?" ಎಂದು ನಾನು ತಿಳಿದವನ ಹಾಗೆ ಕೇಳಿದೆ. ಮನೆಗೆ ಬಂದು ಚರಿತ್ರೆ ತೆಗೆದು ನೋಡಿದ ಮೇಲೆ ನನ್ನ ಪ್ರಶ್ನೆಗೆ ನನಗೇ ನಾಚಿಕೆಯಾಯಿತು. ಅಸ್ಸಾಮಿನ ೧೮೯೭, ಬಿಹಾರದ ೧೯೩೪, ಅವೆಲ್ಲ ಹಿಮಾಲಯದ ಕಡೆಯವು ಎಂದು ಸಮಾಧಾನ ಮಾಡಿಕೊಳ್ಳೋಣ. ನಮ್ಮ ದಕ್ಷಿಣದ ಬಂಡೆ ಗಟ್ಟಿ ಎಂದು ಎಲ್ಲರೂ ನಂಬಿದ್ದಾಗಲೇ ೧೯೬೭ರಲ್ಲಿ ಕೊಯ್ನಾ ನಡುಗಿತು. ೧೯೯೩ರಲ್ಲಿ, ಗಣೇಶನನ್ನು ಬಿಟ್ಟು ಬಂದು ಜನ ಮಲಗಿದ್ದಾಗ, ಕಿಲ್ಲಾರಿ ನೆಲಸಮವಾಗಿ ಹತ್ತಿರಹತ್ತಿರ ಹತ್ತು ಸಾವಿರ ಜನ ಸತ್ತರು. ಕಿಲ್ಲಾರಿ ಇದ್ದದ್ದು ಆಗಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಜಾಗದಲ್ಲಿ! ಕಛ್ ನಡುಗಿದಾಗ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟ್‌ಗಳು ಕುಸಿದವು. ಅವುಗಳಲ್ಲಿ ಎಷ್ಟೋ, ಕೆಳಗೆ ಗೋಡೆಯಿಲ್ಲದೆ ಪಾರ್ಕಿಂಗ್ ಬಿಟ್ಟು ಬರೀ ಪಿಲ್ಲರ್ ಮೇಲೆ ನಿಂತಿದ್ದವು. ರಾಜಾಜಿನಗರದಿಂದ ಕೆಂಗೇರಿವರೆಗೆ ನಮ್ಮ ರಸ್ತೆಗಳಲ್ಲಿ ಇರುವುದೂ ಇಂಥವೇ.

ಈಗ ಮತ್ತೆ ಆ ಬೆಳಿಗ್ಗೆಗೆ ಬರೋಣ. ಈ ಮನೆಯ ಹನ್ನೆರಡು ಪಿಲ್ಲರ್‌ಗಳಲ್ಲಿ ಎಂಟು ಮುನಿಯಪ್ಪನವರು ಕಟ್ಟಿದ್ದು. ನೆಂಟರ ಮದುವೆಗೆಂದು ಅವರು ಎರಡು ದಿನ ಹೋಗಿದ್ದಾಗ, ಉಳಿದ ನಾಲ್ಕನ್ನು ಕಾಂಟ್ರಾಕ್ಟರ್ ಮೋಹನ್ ಕುಮಾರ್ ಬೇರೆಯವರಿಂದ ಕಟ್ಟಿಸಿ, ಹಲಗೆಯನ್ನೂ ಹೊಡೆಸಿಬಿಟ್ಟಿದ್ದಾರೆ. ಒಂಬತ್ತು ಗಂಟೆಗೆ ಕಾಂಕ್ರೀಟ್ ಮಿಕ್ಸರ್ ಬರುತ್ತದೆ. ಕಾಂಕ್ರೀಟ್ ಬಿತ್ತೋ, ಒಳಗಿನದು ಇನ್ನು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೋಹನ್ ಕುಮಾರ್ ಏಳೂವರೆಗೆ ಬೈಕಿನಲ್ಲಿ ಬರುತ್ತಾರೆ. ಕಳಚಿಟ್ಟ ಹಲಗೆ ನೋಡಿ ಹೆಲ್ಮೆಟ್ ತೆಗೆಯುವುದನ್ನೂ ಮರೆಯುತ್ತಾರೆ.

"ಮುನಿಯಪ್ಪಣ್ಣ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಗುಜರಾತ್ ಅಲ್ಲಾಡಿದ್ದಕ್ಕೆ ಗೋವಿಂದರಾಜನಗರದಲ್ಲಿ ರಿಂಗ್ ಬಿಚ್ಚಬೇಕಾ? ನಮ್ಮೂರಿಗೆ ಇದು ಕಡ್ಡಾಯ ಇಲ್ಲ ಕಣಣ್ಣ."

"ಕಡ್ಡಾಯ ಇಲ್ಲ, ಒಪ್ಕೋತೀನಿ. ಬಿಚ್ಚಿ."

"ಆಗಲ್ಲ. ಬೇಕಿದ್ರೆ ನಾಳೆಯಿಂದ ನೀವು ಬರಬೇಡಿ."

ಅಷ್ಟರಲ್ಲಿ ಆಟೋದಿಂದ ಮನೆಯ ಒಡತಿ ಸತ್ಯವತಿಯವರು ಇಳಿಯುತ್ತಾರೆ. ಅರವತ್ತೆಂಟರ ನಿವೃತ್ತ ಹೈಸ್ಕೂಲ್ ಟೀಚರ್. ಕಾಂಕ್ರೀಟಿಗೆ ಮೊದಲು ಪೂಜೆ ಮಾಡಲು ತಟ್ಟೆಯಲ್ಲಿ ಹೂವು, ಕಾಯಿ, ಅರಿಶಿನ ಕುಂಕುಮ ತಂದಿದ್ದಾರೆ. ಜಗಳ ಏನೆಂದು ವಿಚಾರಿಸಿ, ಶಾಲೆಯಲ್ಲಿ ಇಬ್ಬರು ಹುಡುಗರನ್ನು ಸಮಾಧಾನ ಮಾಡುವ ದನಿಯಲ್ಲಿ ಹೇಳುತ್ತಾರೆ:

"ಮುನಿಯಪ್ಪ, ನಮ್ಮ ಬಸವೇಶ್ವರನಗರದ ಮನೆಗೂ ನೀನೇ ಅಲ್ವೇನಪ್ಪಾ ಕಂಬಿ ಕಟ್ಟಿದ್ದು? ಇಪ್ಪತ್ತೆಂಟು ವರ್ಷ ಆಯ್ತು, ಒಂದು ಬಿರುಕಿಲ್ಲ. ಆ ನಂಬಿಕೆ ಮೇಲೇ ಇಲ್ಲಿಗೂ ನಿನ್ನನ್ನೇ ಕರೆಸಿದ್ದು. ಅದೇ ಥರ ಇದ್ರೆ ಸಾಕು, ಬಿಡು."

ಮುನಿಯಪ್ಪನವರು ಕೈಯಲ್ಲಿದ್ದ ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಡುತ್ತಾರೆ.

"ಅದೇ ಥರಾನೇ ಇದೆ ಅಮ್ಮ, ಈ ನಾಲ್ಕು ಪಿಲ್ಲರು. ಅದಕ್ಕೇ ಬಿಚ್ಚಿ ಅಂತಿರೋದು."

ಸತ್ಯವತಿಯವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಪೂಜೆಯ ತಟ್ಟೆಯನ್ನು ಮೋಹನ್ ಕುಮಾರ್ ಕೈಗೆ ಕೊಟ್ಟುಬಿಟ್ಟರು. ಬಸವೇಶ್ವರನಗರದ ಆ ಮನೆಯಲ್ಲಿ ಕೆಳಗೆ ಅವರು, ಮೇಲೆ ಬಾಡಿಗೆಗೆ ಎರಡು ಸಂಸಾರ.

"ಆ ಮನೆ ಕಟ್ಟೋವಾಗ ನಂಗೆ ಗೊತ್ತಿರ್ಲಿಲ್ಲ ಅಮ್ಮ. ಗೊತ್ತಾದ್ಮೇಲೆ ಹೇಳೋಕೆ ಧೈರ್ಯ ಬರ್ಲಿಲ್ಲ."

"ಇಷ್ಟು ವರ್ಷ ಸುಮ್ನಿದ್ಯಲ್ಲೋ! ಪ್ರತಿ ಯುಗಾದಿಗೂ ಮನೆಗೆ ಬಂದು, ಆ ಪಿಲ್ಲರ್ ಪಕ್ಕದಲ್ಲೇ ಕೂತು ಒಬ್ಬಟ್ಟು ತಿಂದ್ಕೊಂಡು ಹೋಗ್ತಿದ್ದೆ!"

"ಹೂನಮ್ಮ. ಪ್ರತಿ ಸಲಾನೂ ಹೇಳ್ಬೇಕು ಅಂತಾನೇ ಬರ್ತಿದ್ದೆ."

ಹೊಗಳಿ ಬರೆಯಲು ಬಂದವನು ನಾನು. ನೋಟ್‌ಬುಕ್ ಮುಚ್ಚಿಬಿಡಲೇ ಎನಿಸಿತು. ಆಮೇಲೆ ತಿಳಿಯಿತು, ೧೯೮೬ರಿಂದ ೨೦೦೧ರವರೆಗೆ ಈ ಸುತ್ತಮುತ್ತ ಅವರು ಹೀಗೆ ಕಂಬಿ ಕಟ್ಟಿದ ಮನೆಗಳು ಎಪ್ಪತ್ತಕ್ಕೂ ಹೆಚ್ಚು. ಅವರೊಬ್ಬರೇ ಅಲ್ಲ, ಆಗ ಎಲ್ಲರೂ ಹಾಗೇ ಕಟ್ಟುತ್ತಿದ್ದರು, ಈಗಲೂ ಬಹಳ ಜನ ಹಾಗೇ ಕಟ್ಟುತ್ತಾರೆ. ನಾನಿರುವ ವಿಜಯನಗರದ ಬಾಡಿಗೆ ಮನೆಯ ಪಿಲ್ಲರ್‌ನಲ್ಲಿ ಏನಿದೆಯೋ, ಮಾಲೀಕರಿಗೂ ತಿಳಿದಿಲ್ಲ.

ಸತ್ಯವತಿಯವರು ಇಟ್ಟಿಗೆ ರಾಶಿಯ ಮೇಲೆ ಕೂತು ನೀರು ಕುಡಿಯುತ್ತಾರೆ. ಎದ್ದು ಒಂಬತ್ತನೆಯ ಪಿಲ್ಲರ್ ಹತ್ತಿರ ಹೋಗಿ, ಕನ್ನಡಕ ಸರಿಮಾಡಿಕೊಂಡು, ಪರೀಕ್ಷೆಯ ಪೇಪರ್ ನೋಡುವ ಹಾಗೆ ರಿಂಗ್‌ಗಳನ್ನು ನೋಡುತ್ತಾರೆ. ಮುನಿಯಪ್ಪನವರು ಕಟ್ಟಿದ ಪಿಲ್ಲರ್‌ನಲ್ಲಿ ತುದಿ ಎತ್ತ ಮುಖ ಮಾಡಿದೆ, ಇದರಲ್ಲಿ ಎತ್ತ ಎಂದು ಬೆರಳಿಟ್ಟು ಹೋಲಿಸುತ್ತಾರೆ.

"ಮೋಹನ್, ಮಿಕ್ಸರ್‌ನೋರಿಗೆ ಫೋನ್ ಮಾಡಿ. ಇವತ್ತು ಬೇಡ."

"ಆಂಟಿ, ಅಡ್ವಾನ್ಸ್ ಕೊಟ್ಟಾಗಿದೆ..."

"ಹೋದ್ರೆ ಹೋಗ್ಲಿ. ಈ ಮನೇಲಿ ಬಂದು ಇರೋಳು ನನ್ನ ಮಗಳು ಲತಾ." ಆಮೇಲೆ ಮುನಿಯಪ್ಪನವರ ಕಡೆ ತಿರುಗದೆಯೇ ಕೇಳುತ್ತಾರೆ. "ಆ ಮನೆಗೆ ಏನು ಮಾಡೋದು?"

"ಎಂಜಿನಿಯರ್ ನೋಡಿ ಹೇಳ್ಬೇಕು ಅಮ್ಮ. ಪಿಲ್ಲರ್ ಸುತ್ತ ಹೊಸ ಕಂಬಿ ಕಟ್ಟಿ ದಪ್ಪ ಮಾಡೋಕೆ ಬರುತ್ತೆ. ಕಛ್‌ನಲ್ಲಿ ಮಾಡಿದೀನಿ."

"ಭಾನುವಾರ ಕರ್ಕೊಂಡು ಬಾ."

ಮಧ್ಯಾಹ್ನದ ಹೊತ್ತಿಗೆ ಎರಡು ಪಿಲ್ಲರ್‌ಗಳ ರಿಂಗ್ ಬಿಚ್ಚಿ ಆಗಿದೆ. ಮುನಿಯಪ್ಪನವರು ಹಲಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಹೊಸ ರಿಂಗ್ ಬಗ್ಗಿಸುತ್ತಿದ್ದಾರೆ. ಪತ್ರಿಕೆಯವರ ಅಭ್ಯಾಸದಂತೆ ಮುಖ ತಗ್ಗಿಸಿ ದುಡಿಯುವ ಫೋಟೋ ಒಂದನ್ನು ತೆಗೆದೆ. ಅವರು ಅದನ್ನು ತೋರಿಸಲು ಹೇಳಿ, ತಲೆಯಾಡಿಸುತ್ತಾರೆ.

"ಮುಖ ಕಾಣೋ ಥರ ತೆಗೀರಿ ಸಾರ್. ಪೇಪರಲ್ಲಿ ದೊಡ್ಡದಾಗಿ ಹಾಕ್ತಾರಾ?"

ಯಾರಿಗಿಲ್ಲ ಈ ಆಸೆ ಎಂದುಕೊಂಡು, ಹೇಳಿ ನೋಡುತ್ತೇನೆ ಎಂದೆ. ಅವರು ಅಂಗಿಯ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅಂಚು ಸವೆದ ಪಾಸ್‌ಪೋರ್ಟ್ ಸೈಜಿನ ಫೋಟೋ ಕೊಟ್ಟರು. ತಲೆತುಂಬ ಕಪ್ಪು ಕೂದಲು, ದಪ್ಪ ಮೀಸೆ.

"ಇದನ್ನೂ ಹಾಕ್ಸಿ. ಕಛ್‌ಗೆ ಹೋಗೋಕೆ ಮುಂಚೆ ತೆಗ್ಸಿದ್ದು."

"ಆಗ ಹೀರೋ ಥರ ಇದ್ದಿರಿ ಬಿಡಿ" ಎಂದು ಛೇಡಿಸಿದೆ. ಅವರು ನಗಲಿಲ್ಲ.

"ಅದಕ್ಕಲ್ಲ ಸಾರ್. ಆವಾಗಿನ ಬೇರೆ ಮನೆಯೋರಿಗೆಲ್ಲ ನನ್ನ ಹೆಸರು ಗೊತ್ತಿಲ್ಲ, ಮೇಸ್ತ್ರಿ ಹೆಸರು ಮಾತ್ರ ಗೊತ್ತಿರೋದು. ಈ ಮುಖ ನೋಡಿದ್ರೆ ಗುರುತು ಹತ್ತುತ್ತೆ, ಓ, ಇವನೇ ಅಲ್ವಾ ನಮ್ಮನೆಗೆ ಕಂಬಿ ಕಟ್ಟಿದ್ದು ಅಂತ. ಬಂದು ಬೈಲಿ, ಬೇಕಾದ್ರೆ ಎರಡೇಟು ಹೊಡೀಲಿ. ಬಂದ್ರೆ ಸಾಕು ಸಾರ್. ನಾನು ಹೆಗ್ಗನಹಳ್ಳೀಲೇ ಇರ್ತೀನಿ."