ಹಿಂದಿನ ಸೀಟು

ಬೈಲಹೊಂಗಲದ ಗ್ಯಾರೇಜಿನ ಆ ಮಿಸ್ತ್ರಿ ಯಾವುದೇ ಕಾರು ಬಂದರೂ ಮೊದಲು ಅದರ ನಾಲ್ಕೂ ಮೂಲೆಗಳನ್ನು ಅಂಗೈಗಳಿಂದ ಒತ್ತಿ ಬಿಡುತ್ತಿದ್ದರು. ಕಾರು ಮೇಲೆದ್ದು ನಿಂತರೆ ಸರಿ, ತೂಗಾಡಿದರೆ ಶಾಕ್ ಅಬ್ಸಾರ್ಬರ್ ಕೆಲಸ ಮುಗಿದಂತೆ. ಯಾರಾದರೂ ಅವಸರಪಟ್ಟರೆ, "ತಡೀರಿ, ಗಾಡೀನ ಹೇಳ್ತೈತಿ" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನೊಂದು ಹಳೆಯ ಕಾರು ಕೊಂಡಿದ್ದೆ. ಎರಡು ಸಲ ಕೂತ ಅವ್ವ, ಸೊಂಟ ನೋವೆಂದು ಆಮೇಲೆ ಹತ್ತಲೇ ಇಲ್ಲ. ವಯಸ್ಸಾಯಿತಲ್ಲ ಎಂದುಕೊಂಡು ನಾನು ಸುಮ್ಮನಿದ್ದೆ.

ಆಯಿಲ್ ಬದಲಿಸಲು ಹೋದ ದಿನ ಮಿಸ್ತ್ರಿ ಹಿಂದಿನ ಮೂಲೆ ಒತ್ತಿದರು. ಕಾರು ತೂಗುತ್ತಲೇ ಇತ್ತು. ಚಕ್ರದ ಮೇಲಿನ ಸಂದನ್ನು ಎರಡೂ ಕಡೆ ಗೇಣು ಹಾಕಿ ಅಳೆದು, "ಸ್ಪ್ರಿಂಗ್ ಚಲೋ ಅದಾವ, ಶಾಕ್ ಹೋಗ್ಯಾವ. ಹಿಂದ ಯಾರ ಕೂಡತಾರ್ರಿ ಮಾಸ್ತರ?" ಎಂದರು.

"ನಮ್ಮವ್ವ."

"ಹಂಗಾರ ಇವತ್ತ ನೀವ ಹಿಂದ ಕೂಡ್ರಿ."

ಸವದತ್ತಿ ರಸ್ತೆಯಲ್ಲಿ ಅವರೇ ಕಾರು ಓಡಿಸಿದರು. ಮೊದಲ ತಗ್ಗಿಗೇ ನನ್ನ ಬೆನ್ನುಮೂಳೆ ಝಲ್ಲೆಂದಿತು. ಇಷ್ಟು ದಿನ ಅವ್ವನ ಮಾತನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ ಎಂದು ನಾಚಿಕೆಯಾಯಿತು. ಮಿಸ್ತ್ರಿ ಕನ್ನಡಿಯಲ್ಲಿ ನನ್ನ ಮುಖ ನೋಡಿ, ಕಾರನ್ನು ಗ್ಯಾರೇಜಿನತ್ತ ತಿರುಗಿಸಿದರು.

ಹೊಸ ಶಾಕ್ ಹಾಕಿದ ಮೇಲೆ ಕೀಲಿ ನನಗೆ ಕೊಡದೆ ನೇರವಾಗಿ ನಮ್ಮ ಮನೆಗೇ ಬಂದರು. ಅವ್ವನನ್ನು ಕೂಡಿಸಿಕೊಂಡು ಒಂದು ಸುತ್ತು ಹಾಕಿ ಬಂದು, "ಈಗ ಹ್ಯಾಂಗ ಐತ್ರಿ ಅವ್ವಾರ?" ಎಂದು ಕೇಳಿದರು.

ಅವ್ವ ಇಳಿಯಲಿಲ್ಲ. ಕಿಟಕಿಯಿಂದ ನನ್ನನ್ನು ಕರೆದು, "ಸುರೇಬಾನಕ್ಕ ಹೋಗೂಣೇನು? ನನ್ನ ತಂಗೀನ ನೋಡಿ ಭಾಳ ದಿನ ಆತು" ಎಂದಳು.

ಆಗ ಮಿಸ್ತ್ರಿ ಕೆಳಗಿಳಿದು ಕೀಲಿಯನ್ನು ನನ್ನ ಕೈಗಿಟ್ಟರು.