ದೀಪ ಹತ್ತದ ಮೆಟ್ಟುಗಳು

ನಾಗಪುರದ ಕಾರ್ಖಾನೆಯೊಂದರಲ್ಲಿ, ಧಡಧಡ ಬಡಿಯುವ ಪ್ರೆಸ್ ಯಂತ್ರದ ಪಕ್ಕದಲ್ಲಿಯೇ ನೌಕರಿ ಮುಗಿಸಿದ ಬಸವಂತಪ್ಪನವರಿಗೆ ನಿವೃತ್ತಿಯಾದ ಮೇಲೆ ಕೈಕಟ್ಟಿ ಕೂರುವುದು ಆಗಲಿಲ್ಲ. ಸದರ್ ಪೇಟೆಯ ಅಂಗಡಿಯಿಂದ ಹಳೆಯ ಗಿಟಾರೊಂದನ್ನು ತಂದು, ಅದರ ಕೊರಳಿನುದ್ದಕ್ಕೂ ಅಡ್ಡಲಾಗಿ ಕೂರಿಸಿದ ಪ್ರತಿ ಮೆಟ್ಟಿನ ಬಳಿ ಸಾಸಿವೆಯಷ್ಟು ದೀಪಗಳನ್ನು ಬೆಸೆದರು. ಹಾಡಿನ ಸ್ವರಗಳನ್ನು ಒಮ್ಮೆ ಗಿಟಾರಿನ ನೆನಪಿಗೆ ತುಂಬಿಟ್ಟರೆ ಸಾಕು. ಯಾವ ತಂತಿಯನ್ನು ಎಲ್ಲಿ ಒತ್ತಬೇಕೋ ಅಲ್ಲಿ ದೀಪ ಹತ್ತುತ್ತದೆ, ಬೆರಳು ಅದರ ಹಿಂದೆ ಹೋದರಾಯಿತು.

ಮೊದಲ ಶಿಷ್ಯೆ ಹೆಂಡತಿ ನೀಲಾಂಬಿಕಾ. ಕಲಿಯಬೇಕಾದದ್ದು ಆಕೆಯ ತಾಯಿ ಬೀಸುವಾಗ ಹೇಳುತ್ತಿದ್ದ ಪದ. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಅದನ್ನು ನುಡಿಸುವುದೆಂದು ಬಸವಂತಪ್ಪ ಕಂಡಕಂಡವರಿಗೆಲ್ಲ ಹೇಳಿಬಿಟ್ಟಿದ್ದರು. ಆಕೆ ಗುನುಗಿದ್ದನ್ನು ಫೋನಿನಲ್ಲಿ ಹಿಡಿದು, ಕಿವಿಗೊತ್ತಿಕೊಂಡು, ಕೇಳಿದ ಸ್ವರಗಳನ್ನು ಒಂದೊಂದಾಗಿ ತಾವೇ ತುಂಬಿದ್ದರು.

ತಾಲೀಮಿನ ದಿನ ಸಂಘದ ಕಾರ್ಯದರ್ಶಿ ನಂದೀಶ ತಬಲಾ ಹಿಡಿದು ಕೂತ. ನೀಲಾಂಬಿಕಾ ನುಡಿಸುತ್ತ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಅವನ ಕೈ ನಿಂತಿತು.

“ಕಾಕೂ, ನಡುನಡುವ ಯಾಕ ಸುಮ್ಮನಾಗ್ತೀರಿ? ಸಿಗ್ನಲ್ ಸಿಗದ ಗಾಡಿಹಂಗ ನಿಂತಬಿಡ್ತೀರಲ್ಲ!”

“ಗಿಟಾರ ಬರೋಬರ್ ಐತಿ. ಇಕೀ ಬೆರಳ ಜಲ್ದಿ ಹೊಳ್ಳಂಗಿಲ್ಲ,” ಎಂದರು ಬಸವಂತಪ್ಪ.

ನೀಲಾಂಬಿಕಾ ತಲೆ ತಗ್ಗಿಸಿದರು. “ಹೌದಪಾ, ವಯಸ್ಸಾತಲ್ಲ.”

ಆಟೋದಲ್ಲಿ ಮರಳುವಾಗ ಬಸವಂತಪ್ಪನವರ ಮನಸ್ಸಿಗೆ ಆ ಮಾತು ಮುಳ್ಳಾಯಿತು. ಸಾರಿಗೆ ಉಪ್ಪು ಹೆಚ್ಚಾದರೂ ಒಪ್ಪಿಕೊಳ್ಳದವಳು ನಾಲ್ಕು ಮಂದಿಯೆದುರು ತಪ್ಪೊಪ್ಪಿಕೊಂಡದ್ದೇಕೆ? ಉತ್ತರ ಅವರಿಗೆ ಹೊಳೆಯದೆ ಇರಲಿಲ್ಲ. ಹೊಳೆದದ್ದು ಬೇಡವಾಗಿತ್ತು.

ಮನೆಗೆ ಬಂದವರೇ ಕೇಳಿದರು: “ಖರೇ ಹೇಳು. ತಪ್ಪು ಎಲ್ಲೈತಿ?”

“ಅವ್ವನ ಪದದಾಗ ದನಿ ಮ್ಯಾಲ ಏರ್ತದ ನೋಡ್ರಿ, ಅಲ್ಲಿ ಒಂದೂ ದೀಪ ಹತ್ತಂಗಿಲ್ಲ.”

“ಮೊದಲ ಯಾಕ ಹೇಳಲಿಲ್ಲ?”

“ಡಾಕ್ಟರಿಗೆ ಕಿವಿ ತೋರಸ್ರಿ ಅಂದಿದ್ದಕ್ಕ ತಾಟು ಬಿಟ್ಟು ಎದ್ರಿ. ಇನ್ನ ಇದನ್ನ ಹೆಂಗ ಹೇಳ್ಲಿ?”

ಬಸವಂತಪ್ಪ ಫೋನನ್ನು ಮತ್ತೆ ಕಿವಿಗೆ ಹಿಡಿದರು. “ಈಗ… ಈಗ…” ಎಂದು ನೀಲಾಂಬಿಕಾ ಬೆರಳೆತ್ತಿ ತೋರಿಸಿದಲ್ಲೆಲ್ಲ ಅವರಿಗೆ ಬರಿಯ ಮೌನ. ಫೋನನ್ನು ಕೆಳಗಿಟ್ಟು, ಗಿಟಾರನ್ನು ಎತ್ತಿ ಆಕೆಯ ತೊಡೆಯ ಮೇಲಿರಿಸಿದರು.

“ಈ ಗುಂಡಿ ಒಮ್ಮೆ ಒತ್ತಿ ನುಡಸು, ಅದು ನೆನಪಿಟ್ಟುಕೊಳ್ತದ. ಉಳಿದದ್ದು ನೀನ ತುಂಬು.”

ಆಕೆ ಗುನುಗುತ್ತ, ತಡಕಾಡುತ್ತ ತುಂಬಿದರು. ಆಮೇಲೆ ಮೊದಲಿನಿಂದ ನುಡಿಸಿದರು. ಇಷ್ಟು ದಿನ ಕತ್ತಲಾಗಿದ್ದ ಮೆಟ್ಟುಗಳಲ್ಲಿ ಒಂದರ ಹಿಂದೊಂದು ದೀಪ ಹತ್ತಿತು. ಸಣ್ಣ ತಂತಿ ನಡುಗುವುದು ಬಸವಂತಪ್ಪನವರಿಗೆ ಚೆನ್ನಾಗಿ ಕಂಡಿತು. ಕೇಳಿಸಲಿಲ್ಲ.

“ಈಗ ಬರೋಬರ್ ಆತೇನ್ರಿ?” ಆಕೆ ದನಿ ಎತ್ತರಿಸಿಯೇ ಕೇಳಿದರು.

ಅವರು ಕೊನೆಯ ದೀಪ ಆರುವವರೆಗೆ ಅದನ್ನೇ ನೋಡುತ್ತಿದ್ದರು. ಬಳಿಕ ಗಿಟಾರಿನ ಒಡಲ ಮೇಲೆ ಅಂಗೈಯೂರಿದರು.

“ಇನ್ನೊಮ್ಮೆ ನುಡಸು. ಸಾವಕಾಶ.”